ಹಿಡಿತ: ಹತ್ತಕ್ಕೆ ಆರು

ಡಬ್ಬಿಯ ಮೇಲೆ ಅಚ್ಚಾಗಿದೆ:
ಎಲ್ಲ ಕಂಪನಿಯ ಇಟ್ಟಿಗೆಗೂ ಹೊಂದುತ್ತದೆ.
ಹೊಂದುತ್ತದೆ ಅಂತ ಜಾತಕ ನೋಡಿದವರೂ ಹೇಳಿದ್ದರು.
ಹನ್ನೊಂದು ವರ್ಷ ಕೂಡಿಸಿ ನೋಡಿ,
ನನ್ನ ತುಂಡುಗಳನ್ನು ಎಣಿಸಿಕೊಂಡು ಎದ್ದು ಬಂದೆ.
ಅದಕ್ಕೇ, ಅಚ್ಚಾದದ್ದನ್ನು ಓದುತ್ತೇನೆ, ಅಷ್ಟೆ.
ಆಮೇಲೆ ಕೂರಿಸಿ ನೋಡುತ್ತೇನೆ.

ಹಗಲು ನನ್ನ ಕೆಲಸ ಹಲ್ಲು.
ಹೊಸಲೈನ್ ರಸ್ತೆಯಲ್ಲಿ, ಮೆಟ್ಟಿಲ ಕೆಳಗಿನ ಲ್ಯಾಬಿನಲ್ಲಿ
ಯಾರದೋ ದವಡೆಯ ಅಚ್ಚು ಎದುರಿಗಿಟ್ಟುಕೊಂಡು
ಕ್ಯಾಪು ಉಜ್ಜುತ್ತೇನೆ.
ಕೂದಲೆಳೆಯಷ್ಟು ಎತ್ತರವಾದರೂ
ಆ ಮನುಷ್ಯ ಮುದ್ದೆ ನುಂಗಿಯಾನು,
ಕೋಡುಬಳೆ ಕಡಿಯಲಾರ.

ರಾತ್ರಿ ಇಟ್ಟಿಗೆ.
ಅದೇ ಕೈ, ಅದೇ ನೀಲಿ ಕಾಗದ:
ಗುಬುಟಿನ ಮೇಲೆ ಹಾಸಿ ಒತ್ತಿದರೆ
ಎಲ್ಲಿ ಕಚ್ಚಿತು, ಎಲ್ಲಿ ನಟಿಸಿತು ಗೊತ್ತಾಗುತ್ತದೆ.
ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ:

ಪೆಟ್ರೋಲ್ ಬಂಕು. ಹಿಡಿತ ಎಂಟು.
ಹಳದಿ ಎರಡು ಥರ ಇದೆ, ಒಂದು ಬಾಳೆಹಣ್ಣು, ಒಂದು ಕಾಮಾಲೆ.
ಬೆಂಕಿ ಆರಿಸುವ ಲಾರಿ. ಏಣಿ ಏರುತ್ತದೆ, ನಿಲ್ಲುವುದಿಲ್ಲ.
ಕೋಟೆ. ಬಾಗಿಲು ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ.

ಇದನ್ನು ಓದುವವನು ಒಬ್ಬನೇ.
ಕಟ್ಟಿನಕೆರೆ ಮಾರ್ಕೆಟ್ಟಿನ ಆಟಿಕೆ ಅಂಗಡಿಯ ಇನಾಯತ್.
ಹೊಸ ಸೆಟ್ಟು ಬಂದರೆ ಒಂದು ಡಬ್ಬಿ ನನಗೆ ಕಳಿಸುತ್ತಾನೆ,
ಎಂಟು ದಾಟಿದರೆ ಎರಡು ಡಜನ್ ತರಿಸುತ್ತಾನೆ,
ಆರಾದರೆ ಒಂದೂ ಇಲ್ಲ.

ದಸರಾ ರಜೆಗೆ ಮುಂಚೆ ಒಂದು ಕ್ರೇನು ಬಂತು.
ಆರುನೂರ ನಲವತ್ತೆಂಟು ತುಂಡು, ಅಚ್ಚ ಬಿಳಿ.
ಅಗ್ಗಕ್ಕೆ ಸಿಕ್ಕಿತೆಂದು ನನ್ನನ್ನು ಕೇಳದೆಯೇ
ನಲವತ್ತು ಡಬ್ಬಿ ಇಳಿಸಿಕೊಂಡಿದ್ದ.

ನಾಲ್ಕನೇ ರಾತ್ರಿ, ತೊಂಬತ್ತೇಳನೇ ಹಂತ.
ಕ್ಯಾಬಿನ್ನಿನ ಕೆಳಗೆ ಬರಬೇಕಾದ ಬಾಗಿದ ತುಂಡು ಇಲ್ಲ.
ಮಂಚದಡಿ ಇಲ್ಲ, ಪೊರಕೆಯಲ್ಲಿ ಇಲ್ಲ, ಸೆರಗಿನಲ್ಲಿ ಇಲ್ಲ.
ಮರುದಿನ ಎರಡನೇ ಡಬ್ಬಿ ಒಡೆದೆವು. ಮೂರನೆಯದು.
ಎಲ್ಲೋ ಒಂದು ಕಾರ್ಖಾನೆ ಅದನ್ನು ಸುಮ್ಮನೆ ಮರೆತಿತ್ತು.
ಅದಿಲ್ಲದೆ ಕ್ರೇನು ಕತ್ತು ಬಾಗಿಸುತ್ತದೆ,
ಊಟವಾದ ಮೇಲಿನ ಗುಮಾಸ್ತನ ಹಾಗೆ.

ಬರೆದೆ: ಹಿಡಿತ ಆರು. ತುಂಡು ಒಂದು ಕಮ್ಮಿ. ಬೇಡ.

ನಿಂತೇ ಓದಿದ ಇನಾಯತ್. ಕನ್ನಡಕ ಮಡಿಸಿದ.
"ಆರು ಅಂದ್ರೆ ಆರೇನಾ, ದಾಕ್ಷಾಯಣಕ್ಕ?"
"ಆರೇ."
ಟೀ ತರಿಸಿದ. ಬೇರೇನೂ ಕೇಳಲಿಲ್ಲ.
ಕೇಳಿದ್ದರೆ ಮನೆಗೆ ಹೋಗಿ ಮಲಗುತ್ತಿದ್ದೆ.

ಓನರಿಗೆ ಹೇಳಿ, ಪುಡಿಯ ದುಡ್ಡು ಕಟ್ಟಿ,
ಲ್ಯಾಬಿನ ಬಾಗಿಲು ಹಾಕಿಕೊಂಡು ಕೂತೆ.
ಮೊದಲು ಮೇಣದಲ್ಲಿ ತಿದ್ದಿದೆ, ಆಮೇಲೆ ಅಚ್ಚು ತೆಗೆದೆ.
ನಮ್ಮಲ್ಲಿ ಅಚ್ಚ ಬಿಳಿ ಇಲ್ಲ. ಒಸಡಿನ ಗುಲಾಬಿ ಇದೆ,
ಹಲ್ಲಿನ ಬಣ್ಣಗಳಿವೆ. ಎ-ಎರಡು ಆರಿಸಿದೆ,
ಈ ಊರಿನ ಅರ್ಧ ಬಾಯಿಗಳ ಬಣ್ಣ,
ಕಾಫಿ ಕುಡಿಯುವವರ ಬಿಳಿ.
ಏಳು ಒಡೆದವು.
ಎಂಟನೆಯದು ಕೂತಾಗ ಬಂದ ಸದ್ದನ್ನು
ಹೇಗೆ ಹೇಳಲಿ, ಬಾಯಿ ಮುಚ್ಚಿಕೊಂಡು
ಹಲ್ಲಿಗೆ ಹಲ್ಲು ತಾಗಿಸಿ ನೋಡಿ. ಅದೇ.

ಹನ್ನೊಂದು ರಾತ್ರಿ. ನಲವತ್ತು ತುಂಡು.
ಕ್ರೇನುಗಳು ಹೋದವು, ಸಾಲಗಾಮೆ ರಸ್ತೆಗೆ,
ಪೆನ್ಷನ್ ಮೊಹಲ್ಲಾಕ್ಕೆ, ಒಂದು ಬೇಲೂರಿನ ಬಸ್ಸು ಹತ್ತಿತು.
"ಈಗಲಾದ್ರೂ ಏಳು ಮಾಡಿ," ಅಂದ ಇನಾಯತ್.
ಮಾಡಲಿಲ್ಲ. ಕಂಪನಿ ಕೊಡದ ತುಂಡಿಗೆ
ಕಂಪನಿಗೆ ಯಾಕೆ ಅಂಕ?

ಹಬ್ಬ ಮುಗಿದ ವಾರ ಒಬ್ಬ ತಾಯಿ ಅಂಗಡಿಗೆ ಬಂದರು,
ಮಗನನ್ನೂ ಕ್ರೇನನ್ನೂ ಎತ್ತಿಕೊಂಡು.
ಎಲ್ಲಾ ಸರಿ, ಒಂದು ತುಂಡು ಮಾತ್ರ ಕೊಳಕು,
ತೊಳೆದರೂ ಹೋಗುವುದಿಲ್ಲ, ಬದಲಿಸಿಕೊಡಿ.
ನಾನು ಅಲ್ಲೇ ಇದ್ದೆ. ಸ್ಟೂಲಿನ ಮೇಲೆ. ಮಾತಾಡಲಿಲ್ಲ.

ಆ ರಾತ್ರಿ ಹೊಸ ಪುಟ ತೆಗೆದು
ನನ್ನ ತುಂಡಿನ ಹೆಸರಲ್ಲಿ ಬರೆದೆ:
ಬಣ್ಣ ಹೊಂದುವುದಿಲ್ಲ.
ಹಿಡಿತ: ಹುಡುಗ ಹಲ್ಲಲ್ಲಿ ಕಚ್ಚಿ ಎಳೆದರೂ
ಬರಲಿಲ್ಲವಂತೆ.